ಸೀಬೆ ಮರದ ಬಿಳಿ ಪಡೆ

ಆ ಭಾನುವಾರ ಬೆಳಿಗ್ಗೆ ರತ್ನಪ್ರಭಾ ಕೂಗಿದ ಕೂಗಿಗೆ ದಿಲ್ಲಿಯ ಲೋಧಿ ಕಾಲೋನಿಯ ಗಿಳಿಗಳೆಲ್ಲ ಜನಕಪುರಿಗೆ ಹಾರಿಹೋದವು, ಇನ್ನೂ ಮರಳಿಲ್ಲ.

"ಏನ್ರೀ ಮಾಡಿದ್ರಿ?"

ಗಂಡ ಚಂದ್ರಮೋಹನ ಸೀಬೆ ಮರದ ಕೆಳಗೆ ಹಳೇ ಹಲ್ಲಿನ ಬ್ರಷ್ಷು, ಸೋಪುನೀರಿನ ಮಗ್ಗು ಹಿಡಿದು ಏಳು ಕೋಟೆ ಗೆದ್ದವನಂತೆ ನಿಂತಿದ್ದ. "ಹಿಟ್ಟು ತಿಗಣೆ ಕಣೇ. ದೊಡ್ಡ ದೊಡ್ಡವನ್ನೆಲ್ಲ ಆರಿಸಿ ಮುಗಿಸಿದೆ."

ಅವಳ ನೆತ್ತಿಗೇರಿದ ಬಿಸಿಗೆ ಇಡೀ ಬ್ಲಾಕಿನ ಕುಕ್ಕರುಗಳು ಒಲೆಯಿಲ್ಲದೆ ಕೂಗಬೇಕಿತ್ತು. ಮರದ ತುಂಬ ರಸ ಹೀರುವ ಈ ಬಿಳಿ ತಿಗಣೆ ಹತ್ತಿ, ಕೆಳಗಿನ ಕಾರುಗಳ ಮೇಲೆ ಅಂಟು ಸುರಿಯುತ್ತಿತ್ತು. ಸೋಮವಾರದೊಳಗೆ ಹುಳು ಹೋಗದಿದ್ದರೆ ಮರ ಕಡಿಸುತ್ತೇವೆಂದು ಕಾಲೋನಿ ಸಂಘ ನೋಟಿಸು ಕೊಟ್ಟಿತ್ತು. ಹಣ್ಣಿನ ಮರಕ್ಕೆ ವಿಷ ಹೊಡೆಯಲು ಒಪ್ಪದ ರತ್ನಪ್ರಭಾ, ತಿಗಣೆ ತಿನ್ನುವ ದುಂಬಿಗಳನ್ನು ಬೆಂಗಳೂರಿನಿಂದ ಡಬ್ಬಿಯಲ್ಲಿ ತರಿಸಿ ಮರಕ್ಕೆ ಬಿಟ್ಟಿದ್ದಳು. ಅವು ಮರಿ ಮಾಡಿದ್ದವು. ಮರಿಗಳೂ ತಿಗಣೆಯಂತೆಯೇ ಬೆಳ್ಳಗೆ, ಆದರೆ ಎರಡರಷ್ಟು ದೊಡ್ಡವು.

"ನೀವು ಕೊಂದದ್ದು ತಿಗಣೆ ತಿನ್ನೋ ಮರಿಗಳನ್ನ! ತಿಗಣೆಗಳು ಹಾಯಾಗಿ ಕೂತಿವೆ ನೋಡಿ! ಇಪ್ಪತ್ತೆರಡು ವರ್ಷ ಕೃಷಿ ಇಲಾಖೆ ಆಫೀಸಲ್ಲಿ 'ರೈತಮಿತ್ರ ಕೀಟ' ಅಂತ ಫೈಲ್ ಮೇಲೆ ಫೈಲ್ ಬರೆದ್ರಲ್ಲ, ಒಂದ್ಸಲನಾದ್ರೂ ಅದರ ಮುಖ ನೋಡಿದ್ದೀರಾ?"

"ಫೈಲಲ್ಲಿ ಚಿತ್ರ ಇರಲಿಲ್ಲ."

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಗೋಪಿನಾಥ ಗೇಟಿನಲ್ಲಿ ಕತ್ತು ತೂರಿಸಿದ. "ಅಚ್ಛಾ, ಇನ್ನೂ ಬೆಳ್ಳಗೇ ಇದೆ. ನಾಳೆ ಗರಗಸದ ಭಯ್ಯಾನಿಗೆ ಬಾ ಅನ್ನಲಾ, ಮೇಡಂ?"

"ಹತ್ತು ನಿಮಿಷ ನಿಲ್ಲಿ," ಎಂದವಳು ಗಂಡನ ಕೈಯ ಬ್ರಷ್ಷು ಕಿತ್ತು ಪೆನ್ನು ತುರುಕಿದಳು. "ನಿಮ್ಮ ಮೇಜಿಗೆ ಬಂದ ಫೈಲು ಆರು ತಿಂಗಳಿಗೆ ಮುಂಚೆ ಹೊರಗೆ ಹೋದದ್ದುಂಟಾ? ಆ ವಿದ್ಯೆ ಈಗ ತೋರಿಸಿ!"

ಚಂದ್ರಮೋಹನ ವರಾಂಡದ ಮೇಜಿಗೆ ಕೂತು ಬರೆದ. ಬರೆದ ರಭಸಕ್ಕೆ ಮೇಜು ಎರಡಡಿ ಹಿಂದೆ ಸರಿಯಿತು. ಕಡಿಯುವ ತೀರ್ಮಾನ ಯಾವ ಸಭೆಯದು? ಹಾಜರಿದ್ದವರೆಷ್ಟು? ಅರಣ್ಯ ಇಲಾಖೆಯ ಅನುಮತಿ ಪತ್ರವೆಲ್ಲಿ? ಉತ್ತರ ಲಿಖಿತವಾಗಿ, ಮೂರು ಪ್ರತಿಗಳಲ್ಲಿ.

ನಾಲ್ಕು ಪುಟ ಓದುವಷ್ಟರಲ್ಲಿ ಗೋಪಿನಾಥನ ಮುಖ ಒಣಗಿದ ಸೀಬೆಯಾಯಿತು. "ಇದನ್ನ ಮುಂದಿನ ತಿಂಗಳ ಸಭೇಲಿ ಇಡಬೇಕಾಗತ್ತೆ," ಎಂದು ಗೊಣಗುತ್ತ ಹೋದ.

ರತ್ನಪ್ರಭಾ ಕೊಂಬೆಕೊಂಬೆಯನ್ನೂ ಹುಡುಕಿದಳು. ಎಲೆಗಳ ಮರೆಯಲ್ಲಿ ಹನ್ನೊಂದು ಮರಿಗಳು ಬದುಕುಳಿದಿದ್ದವು. ಅವುಗಳಲ್ಲೊಂದು ತಿಗಣೆಯನ್ನು ಕಚ್ಚಿಕೊಂಡೇ ಇತ್ತು. ಒಂದು ತಿಂಗಳು ಸಿಕ್ಕರೆ ಇವು ಸಾಕು.

"ಎಲ್ಲಿ, ಎಲ್ಲಿ?" ಎಂದು ಚಂದ್ರಮೋಹನ ಬೆರಳು ಚಾಚಿದ.

"ಮುಟ್ಟಿ ನೋಡೋಣ! ಗರಗಸದವನನ್ನ ನಿಮಗೇ ಕರೆಸ್ತೀನಿ."