ಶಾರ್ಶೆನ್ ಬೈಕೆಯ ನಾಲ್ಕು ಬೆರಳು

ಶಾರ್ಶೆನ್ ಬೈಕೆಯವರ ಬಲಗೈಯಲ್ಲಿ ನಾಲ್ಕೇ ಬೆರಳು. ಹಾಗಾಗಿ ಓಶ್ ಪೇಟೆಯಲ್ಲಿ ಹೊಸ ಕಂಪ್ಯೂಟರ್ ಕೊಂಡವರಿಗೆ ರಿಪೇರಿ ಅಂಗಡಿಯ ಈ ಮುದುಕ ಹಾಕಿಕೊಡುವ ಆ್ಯಪ್‌ಗಳೂ ನಾಲ್ಕೇ. ಕಿರುಬೆರಳನ್ನು ಯೌವನದಲ್ಲಿ ಹತ್ತಿ ಕಾರ್ಖಾನೆಯ ಯಂತ್ರ ನುಂಗಿತಂತೆ. ಐದನೆಯ ಆ್ಯಪ್ ಕೇಳಿದವರ ಮುಂದೆ ಆ ಕೈಯನ್ನು ನಿಧಾನವಾಗಿ ಬಿಚ್ಚಿ, "ಇನ್ನೊಂದನ್ನ ಎಲ್ಲಿ ಎಣಿಸ್ಲಿ, ನೀವೇ ಹೇಳಿ" ಎನ್ನುತ್ತಾರೆ.

ಪೇಟೆಗೆಲ್ಲ ಅವರು ಬೈಕೆ, ಅಂದರೆ ಅಣ್ಣ. ಕಡುಬೇಸಿಗೆಯಲ್ಲೂ ಕಳಚದ ಕಂದು ಕೋಟು, ಅದರ ಜೇಬಿನಲ್ಲಿ ಸ್ಕ್ರೂಡ್ರೈವರಿನ ನೆರೆಯಲ್ಲೇ ಒಣಮೊಸರಿನ ಉಂಡೆಗಳು, ವರ್ಷಗಟ್ಟಲೆ ಒಂದೇ ಹೆಗಲ ಮೇಲೆ ಹತ್ಯಾರಗಳ ಪೆಟ್ಟಿಗೆ ಹೊತ್ತದ್ದರಿಂದ ಎಡಕ್ಕೆ ವಾಲಿದ ನಡಿಗೆ. ತಲೆಯ ಮೇಲಿನ ಬಿಳಿ ಕಲ್ಪಾಕ್ ಟೋಪಿಯನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಅಂಗೈ ತೆರೆದು ಹೊಸ ಕಂಪ್ಯೂಟರಿಗೆ ದೀರ್ಘಾಯುಸ್ಸನ್ನು ಬೇಡಿ, ಮುಖ ಸವರಿಕೊಂಡ ಮೇಲೆಯೇ ಅವರು ಗುಂಡಿ ಒತ್ತುವುದು.

ನಾನು ಕಂಪ್ಯೂಟರ್ ಕೊಂಡದ್ದು ನನ್ನ ತಾಯಿಗಾಗಿ. ಮದುಮಗಳನ್ನು ಕಳಿಸಿಕೊಡುವಾಗಲೂ ಹೆಣದ ಮುಂದೆಯೂ ಹಾಡುವ ಅಳುಹಾಡುಗಳಲ್ಲಿ ನಮ್ಮ ಸೀಮೆಗೇ ಅವಳು ಹೆಸರಾದವಳು. ಪಾಠ ಹೇಳಿ ನಿವೃತ್ತಳಾದ ನನಗೋ ಕೈನಡುಕ, ಲೇಖನಿ ನಿಲ್ಲುತ್ತಿರಲಿಲ್ಲ. ಅವಳು ಹಾಡಿದಂತೆ ಕೀಲಿ ಒತ್ತಿ ಬರೆದಿಡಬೇಕೆಂಬುದು ನನ್ನ ಆಸೆ.

"ಒಂದು ಬರೆಯೋಕೆ. ಒಂದು ಲೋಕ ಸುತ್ತೋಕೆ. ಒಂದು ದೂರದೋರ ಮುಖ ನೋಡೋಕೆ. ನಾಲ್ಕನೇದು ನಕಲು ತೆಗೆಯೋಕೆ," ಎಂದು ಬೈಕೆ ಬೆರಳು ಮಡಚಿದರು.

"ವೈರಸ್ ಬರದ ಹಾಗೆ ಕಾಯೋಕೆ ಬೇಡ್ವಾ?"

"ಕಾವಲಿನವನು ಇದರ ಹೊಟ್ಟೇಲೇ ಹುಟ್ಟಿದಾನೆ, ತಂಗಿ. ಅವನ ಮೇಲೆ ಇನ್ನೊಬ್ಬನ್ನ ಕೂರಿಸಿದ್ರೆ ಇಬ್ರೂ ಜಗಳ ಆಡ್ತಾ ಕೂರ್ತಾರೆ, ಕಳ್ಳ ಆರಾಮಾಗಿ ಒಳಗೆ ಹೋಗ್ತಾನೆ."

ನಾಲ್ಕನೆಯದರ ವಿಷಯದಲ್ಲಿ ಅವರದು ಉಡದ ಹಿಡಿತ. ಪ್ರತಿ ಶುಕ್ರವಾರ ಬರೆದದ್ದರ ನಕಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಅಂಗಡಿಗೆ ಒಯ್ಯಬೇಕು. ಅವರು ಅದನ್ನು ತಮ್ಮ ಡಿಸ್ಕಿಗೆ ಇಳಿಸಿಕೊಂಡು, ಡಿಸ್ಕನ್ನು ಬಟ್ಟೆಯ ಚೀಲದಲ್ಲಿ ಗೋಡೆಯ ಮೊಳೆಗೆ ತೂಗುಹಾಕುತ್ತಾರೆ. ಸೈನ್ಯಕ್ಕೆ ಹೊರಟ ಹುಡುಗ ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಬಿಟ್ಟುಹೋದರೆ, ಉಳಿದದ್ದನ್ನು ಅವನು ಮರಳುವ ತನಕ ನಾವು ಹಾಗೆಯೇ ತೂಗುಹಾಕುತ್ತೇವೆ. "ಇದೂ ಕಚ್ಚಿದ ರೊಟ್ಟೀನೇ" ಎಂದರು ಬೈಕೆ. ಮುದುಕನ ಹುಚ್ಚು ಎಂದುಕೊಂಡರೂ, ಅವರ ಹಸಿರು ಚಹಾದ ಆಸೆಗೆ ನಾನು ವಾರವಾರ ಹೋದೆ.

ಚಳಿಗಾಲದ ಒಂದು ಭಾನುವಾರ ತಾಯಿ ಹೊಸ ಹಾಡೊಂದನ್ನು ಹೇಳಿ ಬರೆಸಿದಳು: ತಾನು ಸತ್ತಾಗ ಮಗಳು ಹಾಡಬೇಕಾದದ್ದು. ಬುಧವಾರ ಹೋಗಿಬಿಟ್ಟಳು. ಹೆಣದ ಮುಂದೆ ನನ್ನ ಬಾಯಿಂದ ಒಂದು ಸಾಲೂ ಹೊರಡಲಿಲ್ಲ. ಶುಕ್ರವಾರ ಬೈಕೆ ವಾಲುತ್ತಾ ಬಂದರು, ನೆಂಟರ ನಡುವೆ ಕುಳಿತು ಅತ್ತರು, ಪ್ರಾರ್ಥನೆ ಮುಗಿದ ಮೇಲೆ ಮೆಲ್ಲಗೆ, "ಪೆನ್‌ಡ್ರೈವ್ ಎಲ್ಲಿ?" ಎಂದರು. ಸಾವಿನ ಮನೆಯಲ್ಲಿ ಕೇಳುವ ಮಾತೇ ಅದು! ಹಲ್ಲು ಕಚ್ಚಿಕೊಂಡು ನಕಲು ತೆಗೆದು ಅವರ ಕೈಗೆ ಹಾಕಿದೆ. ಚಹಾ ಕುಡಿಯಿರಿ ಎನ್ನಲಿಲ್ಲ, ಬಾಗಿಲ ತನಕ ಬರಲೂ ಇಲ್ಲ.

ವಸಂತದಲ್ಲಿ ಕಂಪ್ಯೂಟರಿನ ಪರದೆ ಕಪ್ಪಾಯಿತು. ಶಾಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಓಡಿದೆ.

"ಯಾರ್ಯಾರನ್ನ ಒಳಗೆ ಬಿಟ್ಟೆ?"

"ದಿನಾ ಒಂದೊಂದು ಆ್ಯಪ್ ಬಂದು 'ಬರ್ಲಾ' ಅಂತ ಕೇಳ್ತಿದ್ವು, ಬೈಕೆ. ಹವಾಮಾನ ಹೇಳೋದು, ವೇಗ ಹೆಚ್ಚಿಸೋದು. ಬಾಗಿಲಿಗೆ ಬಂದೋರಿಗೆ ಬೇಡ ಅನ್ನೋದು ಹೇಗೆ?"

ಬೈಕೆ ನಗಲಿಲ್ಲ. "ಅತಿಥಿ ಆದ್ರೆ ಉಂಡು ಎದ್ದು ಹೋಗ್ತಾನೆ, ತಂಗಿ. ಇವು ಮನೇನೇ ಉಂಡು ಹಾಕಿವೆ. ಇದರಲ್ಲಿ ಏನೂ ಉಳಿದಿಲ್ಲ."

ನನ್ನ ತಾಯಿ ಎರಡನೆಯ ಸಲ ಸತ್ತಳು ಎನಿಸಿತು. ಅವರು ಎದ್ದು, ಮೊಳೆಯಿಂದ ಚೀಲ ಇಳಿಸಿ, ಡಿಸ್ಕನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ನಲವತ್ತೊಂದು ಹಾಡು. ಕೊನೆಯದು ಆ ಭಾನುವಾರದ್ದು. ಸಾವಿನ ಮನೆಯಲ್ಲಿ ಅವರು ನಾಚಿಕೆ ಬಿಟ್ಟು ಕೇಳಿ ಒಯ್ದದ್ದು.

ತಾಯಿಯ ವರ್ಷದ ಊಟದ ದಿನ ಆ ಹಾಡನ್ನು ನಾನು ಕೊನೆಯ ಸಾಲಿನ ತನಕ ಹಾಡಿದೆ. ಬೈಕೆ ಮನೆಯ ಗೌರವದ ಜಾಗದಲ್ಲಿ ಕುಳಿತು, ನಾಲ್ಕು ಬೆರಳಲ್ಲಿ ಕಣ್ಣೊರೆಸಿಕೊಂಡರು.

ಹೊಸದನ್ನು ತಂದುಕೊಡುವವರು ಲೋಕದಲ್ಲಿ ಹೇರಳ, ಅವರು ನಗುನಗುತ್ತ ಬರುತ್ತಾರೆ. ಇರುವುದನ್ನು ಕಾಯುವವರು ಮಾತ್ರ ಹೊತ್ತುಗೊತ್ತಿಲ್ಲದೆ ಬಂದು, ಬೈಸಿಕೊಂಡು, ಕೇಳಬಾರದ್ದನ್ನು ಕೇಳಿ ಹೋಗುತ್ತಾರೆ. ಕಂಡಕಂಡವರಿಗೆಲ್ಲ ಬಾ ಎಂದ ನಾನು, ಬಾಗಿಲ ತನಕ ಬಂದು ಬೀಳ್ಕೊಡದೆ ಕಳಿಸಿದ್ದು ಅವರೊಬ್ಬರನ್ನೇ.