ಮೂರೂವರೆಯವರೆಗೆ ಮಳೆಯಿಲ್ಲ

ಬಾಡಿಗೆಗೆ ತಂದಿದ್ದ ಕುರ್ಚಿಗಳು ಹಿಂದಿನ ಸಂಜೆಯೇ ವಾಪಸು ಹೋಗಿದ್ದವು. ಉಳಿದಿದ್ದ ಒಬ್ಬ ಚಿಕ್ಕಮ್ಮನೂ ಬೆಳಗಿನ ಮೊದಲ ದೋಣಿಗೆ ಹೊರಟಳು. ಅಂತ್ಯಕ್ರಿಯೆಯಾಗಿ ಹದಿನೇಳು ದಿನಗಳ ಮೇಲೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಆದರು.

ಅತ್ತೆ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತು ಎಂದಿನಂತೆ ಕೇಳಿದರು. "ಬಟ್ಟೆ ಒಗೆದು ಹಾಕ್ಲಾ, ಬೇಡ್ವಾ? ಹೇಳು."

ಸೊಸೆ ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಬರೆಯುವವಳು. ಅವಳು ಮದುವೆಯಾಗಿ ಬಂದ ದಿನದಿಂದ ಅತ್ತೆ ಆಕಾಶ ನೋಡುವುದನ್ನೇ ಬಿಟ್ಟಿದ್ದರು. ಅಷ್ಟು ಓದಿದವಳು ಮನೆಯಲ್ಲೇ ಇರುವಾಗ ತಾವೇಕೆ ಕತ್ತು ನೋಯಿಸಿಕೊಳ್ಳಬೇಕು ಎಂಬುದು ಅವರ ವಾದ.

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲ ಅನ್ನೋಕೆ ಸಂಬಳ ಕೊಡ್ತಾರಾ ನಿಂಗೆ?" ಅತ್ತೆ ಬಕೆಟ್ಟನ್ನು ಕುಕ್ಕಿದರು. "ಆಫೀಸಿಗೆ ಹೋಗು. ಹದಿನೇಳು ದಿನದಿಂದ ಆ ಗೋಡೆ ನೋಡ್ತಿದ್ದೀಯ, ಅದೇನಾದ್ರೂ ಮಾತಾಡ್ತಾ?"

ಅವಳಿಗೆ ಅಳು ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿಸಿಕೊಂಡ ದವಡೆಯ ಹಾಗೆ ಒಳಗೆಲ್ಲ ಮರಗಟ್ಟಿತ್ತು. ಮೂರೇ ದಿನದ ಜ್ವರದಲ್ಲಿ ಹೋದ ಗಂಡನ ಬಗ್ಗೆ ಜನ ಹೇಳಿದ್ದೆಲ್ಲ ಪಕ್ಕದ ಮನೆಯವರ ಸುದ್ದಿಯಂತೆ ಕೇಳಿಸುತ್ತಿತ್ತು.

ಅವನದೂ ಅದೇ ಕಚೇರಿ. ಒಂಬತ್ತು ದ್ವೀಪಗಳನ್ನು ದೋಣಿಯಲ್ಲಿ ಸುತ್ತಿ, ಅಲ್ಲಿನ ಹವೆ ಅಳೆಯುವ ಉಪಕರಣಗಳನ್ನು ಸರಿಯಾಗಿಡುವುದು ಅವನ ಕೆಲಸ. ಅವನ ಚೀಲ ಬಾಗಿಲ ಹಿಂದೆಯೇ ನೇತಾಡುತ್ತಿತ್ತು. ಕಚೇರಿಗೆ ಒಪ್ಪಿಸಬೇಕೆಂದು ಅವಳು ಒಳಗಿದ್ದುದನ್ನು ತೆಗೆದು ನೋಡಿದಳು. ಸ್ಕ್ರೂಡ್ರೈವರ್, ಶುದ್ಧ ನೀರಿನ ಬಾಟಲಿ, ತೆಳು ಹತ್ತಿ ಬಟ್ಟೆಯ ಸುರುಳಿ. ತಳದಲ್ಲಿ ಹಿಡಿಗೆ ನೀಲಿ ದಾರ ಸುತ್ತಿದ ಪುಟ್ಟ ಕತ್ತರಿ. ಅದು ಕಚೇರಿಯದಲ್ಲ, ಮನೆಯದೂ ಅಲ್ಲ. ಅವಳು ಅದನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ಕಚೇರಿಯೆಂದರೆ ಗುಡ್ಡದ ಮೇಲಿನ ಒಂದು ಕೋಣೆ, ಒಂದು ರೇಡಾರ್ ಪರದೆ, ಎರಡು ಫೋನು ಮತ್ತು ಯಾವಾಗಲೂ ಒಂದೇ ದಿಕ್ಕಿಗೆ ಗಾಳಿ ಹಾಕುವ ಫ್ಯಾನು. ಆ ದಿಕ್ಕಿನಲ್ಲಿ ಮುಖ್ಯಸ್ಥರು ಕೂರುತ್ತಿದ್ದರು. ವರ್ಷದ ಮುನ್ನೂರು ದಿನ ಇಲ್ಲಿಂದ ಹೊರಡುವ ಮುನ್ಸೂಚನೆ ಒಂದೇ ಸಾಲು: ಸೆಕೆ, ಜಿಗುಟು ಹವೆ, ಅಲ್ಲಲ್ಲಿ ಮಳೆ. "ಒಂದು ರಬ್ಬರ್ ಮೊಹರು ಮಾಡಿಸ್ಕೋ, ಮಾರಾಯ್ತಿ. ಇಬ್ರೂ ಮಧ್ಯಾಹ್ನ ನಿದ್ದೆ ಮಾಡಬಹುದು" ಎಂದು ಗಂಡ ರೇಗಿಸುತ್ತಿದ್ದ.

ಅವಳು ಕೂರುವಷ್ಟರಲ್ಲಿ ಫೋನು ಬಂತು. ಮೂರನೇ ದ್ವೀಪದಿಂದ, ಚಾವಣಿ ಹಾಕುವ ಮೇಸ್ತ್ರಿ.

"ಅಮ್ಮಾ, ಇಲ್ಲಿ ಆಸ್ಪತ್ರೆಯ ತಗಡು ಬಿಚ್ಚೋಕೆ ನಿಂತಿದೀವಿ. ಹೆರಿಗೆ ಕೋಣೆಗೆಲ್ಲ ನೀರು ಸೋರ್ತಿದೆ. ನಿನ್ನೆ ರಾತ್ರಿ ಹುಟ್ಟಿದ ಕೂಸಿಗೆ ಕೊಡೆ ಹಿಡಿದು ಕೂತಿದಾರೆ. ನಮ್ಮ ದೋಣಿ ಸಂಜೆ ಹೊರಡುತ್ತೆ, ಮತ್ತೆ ಬರೋದು ಎರಡು ತಿಂಗಳಿಗೆ. ಮಳೆ ಬರುತ್ತಾ?"

"ಎಷ್ಟು ಹೊತ್ತು ಬೇಕು ನಿಮಗೆ?"

"ಏಳು ಗಂಟೆ. ಎಂಟೂವರೆಗೆ ಶುರು ಮಾಡಿದ್ರೆ ಮೂರೂವರೆ. ಬಿಚ್ಚಿದ ಮೇಲೆ ಸುರಿದ್ರೆ ಔಷಧಿ, ಹಾಸಿಗೆ, ಕೂಸು, ಎಲ್ಲ ನೀರಲ್ಲಿ."

ಮುಖ್ಯಸ್ಥರು ಬೆಳಗಿನ ಹಾಳೆಯನ್ನು ಅವಳ ಮುಂದೆ ತಳ್ಳಿದರು. ಮೂರನೇ ದ್ವೀಪದ ಗಾಳಿಯಲ್ಲಿ ತೇವಾಂಶ ತೊಂಬತ್ತರ ಹತ್ತಿರವಿತ್ತು. "ಹನ್ನೊಂದಕ್ಕೇ ಸುರಿಯುತ್ತೆ ಇದು. ಬೇಡ ಅಂತ ಹೇಳ್ಬಿಡು. ಬೇಡ ಅಂದೋರನ್ನ ಯಾರೂ ಬೈಯಲ್ಲ."

ಅವಳು ಹೇಳಲು ಬಾಯಿ ತೆರೆದಳು. ಆದರೆ ಕಣ್ಣು ಅಂಕಿಗಳಲ್ಲಿ ಸಿಕ್ಕಿಕೊಂಡಿತು.

ತೇವ ಅಳೆಯುವ ಪೆಟ್ಟಿಗೆಯಲ್ಲಿ ಎರಡು ತಾಪಮಾಪಕಗಳಿರುತ್ತವೆ. ಒಂದು ಬರಿ ಮೈಯದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ. ಗಾಳಿ ಒಣಗಿದ್ದಷ್ಟೂ ಬಟ್ಟೆಯ ನೀರು ಬೇಗ ಆರಿ, ಹೂಜಿಯ ನೀರಿನಂತೆ ಅದು ತಣ್ಣಗಾಗುತ್ತದೆ, ಎರಡರ ನಡುವಿನ ಅಂತರ ಹೆಚ್ಚುತ್ತದೆ. ಅವಳು ಹಿಂದಿನ ಹಾಳೆಗಳನ್ನು ತಿರುವಿದಳು. ಮೂರನೇ ದ್ವೀಪದ ಅಂತರ ಐದಿತ್ತು, ನಾಲ್ಕೂವರೆಯಾಯಿತು, ನಾಲ್ಕು, ಮೂರು, ಎರಡು, ಇವತ್ತು ಒಂದೂವರೆ. ಅಕ್ಕಪಕ್ಕದ ದ್ವೀಪಗಳಲ್ಲಿ ಮಾತ್ರ ಐದರ ಆಸುಪಾಸಿನಲ್ಲೇ ಆಡುತ್ತಿತ್ತು. ಗಾಳಿ ಹೀಗೆ ಮೆಟ್ಟಿಲು ಇಳಿದ ಹಾಗೆ ಶಿಸ್ತಾಗಿ ತೇವವಾಗುವುದಿಲ್ಲ. ಗಾಳಿಗೆ ಅಷ್ಟು ಶಿಸ್ತಿದ್ದರೆ ಅವಳಿಗೆ ಕೆಲಸವೇ ಇರುತ್ತಿರಲಿಲ್ಲ.

ಮೂರನೇ ದ್ವೀಪದ ಪೆಟ್ಟಿಗೆಯೊಂದೇ ಕಡಲಿಗೆ ಅಂಟಿಕೊಂಡಿದೆ. ಅಲೆಯ ಹನಿ ಹಾರಿ ಬಟ್ಟೆಗೆ ಉಪ್ಪು ಹಿಡಿಯುತ್ತದೆ. ಉಪ್ಪು ಹಿಡಿದ ಬಟ್ಟೆ ಆರುವುದಿಲ್ಲ, ಸುಳ್ಳು ಹೇಳುತ್ತದೆ. ಅದಕ್ಕೇ ಹತ್ತು ದಿನಕ್ಕೊಮ್ಮೆ ಅವನು ಅಲ್ಲಿಗೆ ಹೋಗಿ ಹೊಸ ಬಟ್ಟೆ ಕಟ್ಟುತ್ತಿದ್ದ.

ಅವಳ ಬೆನ್ನು ನೆಟ್ಟಗಾಯಿತು. "ಇದು ಹವೆ ಅಲ್ಲ ಸಾರ್, ಬಟ್ಟೆ. ಇಪ್ಪತ್ತೈದು ನಿಮಿಷ ಕೊಡಿ."

"ನಿನ್ ಮನಸ್ಸು ಇವತ್ತು..."

"ಮನಸ್ಸಿಗೂ ಉಪ್ಪಿಗೂ ಸಂಬಂಧ ಇಲ್ಲ ಸಾರ್."

ಮೇಸ್ತ್ರಿಗೆ ಕಾಯಲು ಹೇಳಿ ಅವಳು ಇನ್ನೊಂದು ನಂಬರು ಒತ್ತಿದಳು. ಆ ದ್ವೀಪದಲ್ಲಿ ಅಳತೆ ಓದಿ ಕಳಿಸುವವಳು ಒಬ್ಬ ದರ್ಜಿ ಅಕ್ಕ. ಹೊಲಿಗೆ ಯಂತ್ರದ ಸದ್ದಿನ ನಡುವೆಯೇ ಫೋನು ಎತ್ತಿದಳು.

"ಅಕ್ಕ, ಪೆಟ್ಟಿಗೆಯ ಬಟ್ಟೆ ಯಾವಾಗ ಬದಲಾಯಿಸಿದ್ರಿ?"

"ನಾನ್ಯಾಕೆ ಮುಟ್ಲಿ? ನೀನು ಕೈ ಹಾಕ್ಬೇಡ, ನಾನೇ ಬರ್ತೀನಿ ಅಂತ ಅವನು..." ಯಂತ್ರ ನಿಂತಿತು. "ಅಯ್ಯೋ. ಬರ್ತಾನೆ ಅಂತ್ಲೇ ಕಾಯ್ತಿದ್ದೆ ನೋಡು. ಸುದ್ದಿ ಗೊತ್ತಿದ್ದೂ."

ಅವಳು ಪೆನ್ಸಿಲು ಎತ್ತಿಕೊಂಡಳು.

"ಈಗ ನೀವೇ ಬದಲಾಯಿಸಿ ಅಕ್ಕ. ತೆಳು ಹತ್ತಿ ಬಟ್ಟೆ ಇದ್ಯಾ?"

"ದರ್ಜಿ ಅಂಗಡೀಲಿ ಬಟ್ಟೆ ಇದ್ಯಾ ಅಂತ ಕೇಳ್ತೀಯಲ್ಲ! ಕತ್ತರಿ ಇಲ್ಲ ಅಷ್ಟೇ. ದೊಡ್ಡದು ಸಾಣೆಗೆ ಹೋಗಿದೆ, ಸಣ್ಣ ಕತ್ತರಿ ನಿನ್ ಗಂಡ ಒಯ್ದ, ಸಂಜೆ ಕೊಡ್ತೀನಿ ಅಂತ. ಹಲ್ಲಲ್ಲೇ ಹರೀತೀನಿ, ತಡಿ."

"ಹೊಸ ಬಟ್ಟೇಲಿ ಗಂಜಿ ಇರುತ್ತೆ, ನೀರು ಹೀರಲ್ಲ. ಬಿಸಿನೀರಲ್ಲಿ ಚೆನ್ನಾಗಿ ಉಜ್ಜಿ. ಕಟ್ಟಿದ ಮೇಲೆ ಕಾಲು ಗಂಟೆ ಬಿಟ್ಟು ಓದಿ."

ಆ ಕಾಲು ಗಂಟೆ ಅವಳು ಕೂರಲಿಲ್ಲ. ಮೇಸ್ತ್ರಿ ಎರಡು ಸಲ ಫೋನು ಮಾಡಿದ. ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. ಕೊನೆಗೆ ದರ್ಜಿ ಅಕ್ಕನ ದನಿ ಏದುಸಿರಿನಲ್ಲಿ ಬಂತು. "ಮೂವತ್ತೊಂದೂವರೆ. ಒದ್ದೇದು ಇಪ್ಪತ್ತಾರು ಮುಕ್ಕಾಲು. ಇಳಿದು ಹೋಯ್ತಲ್ಲೇ ಹುಡುಗಿ!"

ಅಂತರ ಹೆಚ್ಚುಕಡಿಮೆ ಐದು! ಅವಳು ಮೇಜು ಗುದ್ದಿದಳು. ತೇವ ಎಪ್ಪತ್ತರ ಹತ್ತಿರ. ಹಾಗಿದ್ದರೆ ಹನ್ನೊಂದರ ಮಳೆಯಿಲ್ಲ. ಮಳೆ ಬರಬೇಕಾದರೆ ಮೊದಲು ನೆಲ ಬಿಸಿಲಿಗೆ ಕಾಯಬೇಕು, ಎರಡೂ ಕರಾವಳಿಯ ಕಡಲಗಾಳಿ ಒಳಗೆ ನುಗ್ಗಿ ದ್ವೀಪದ ನಡುಮಧ್ಯೆ ಡಿಕ್ಕಿ ಹೊಡೆಯಬೇಕು. ಗಾಳಿಯ ವೇಗ, ದ್ವೀಪದ ಅಗಲ, ಮೋಡ ಬೆಳೆಯುವ ಹೊತ್ತು, ಎಲ್ಲ ಹಾಳೆಯ ಅಂಚಿನಲ್ಲೇ ಕೂಡಿಸಿದಳು.

"ಬಿಚ್ಚಿ, ಮೇಸ್ತ್ರಿ. ಮೂರೂವರೆವರೆಗೆ ಮಳೆ ಇಲ್ಲ. ಆಮೇಲೆ ಒಂದು ನಿಮಿಷಾನೂ ನನ್ನ ಕೇಳ್ಬೇಡಿ."

"ತಪ್ಪಿದ್ರೆ?" ಎಂದರು ಮುಖ್ಯಸ್ಥರು.

"ನನ್ನ ಹೆಸರು ಬರೀರಿ."

ಅವರು ಬರೆದರು. ಆಮೇಲೆ ಫ್ಯಾನನ್ನು ಅವಳ ಕಡೆಗೆ ತಿರುಗಿಸಿದರು. ಹನ್ನೊಂದು ವರ್ಷದಲ್ಲಿ ಆ ಫ್ಯಾನು ತಿರುಗಿದ್ದು ಅದೇ ಮೊದಲು.

ಹನ್ನೊಂದಾಯಿತು. ಬಿಸಿಲು. ಹನ್ನೆರಡಕ್ಕೆ ಬೆವರು ಮೊಣಕೈಯಿಂದ ಹಾಳೆಗೆ ತೊಟ್ಟಿಕ್ಕಿತು. ಒಂದೂವರೆಗೆ ಫೋನು.

"ಅಮ್ಮಾ, ಪೂರ್ವಕ್ಕೆ ಒಂದು ಆನೆ ಬಂದು ನಿಂತಿದೆ! ಮುಚ್ಚಿಬಿಡ್ಲಾ? ಅರ್ಧ ಆಸ್ಪತ್ರೆ ಬಯಲಾಗಿದೆ!"

"ಅದರ ತಲೆ ನೋಡಿ. ಹೂಕೋಸಿನ ಹಾಗೆ ಗಟ್ಟಿ ಇದ್ಯಾ, ಅಂಚು ಹರಿದು ಚಿಂದಿ ಆಗ್ತಿದ್ಯಾ?"

"ತಡೀರಿ... ಹರೀತಿದೆ. ಚಿಂದಿ ಚಿಂದಿ."

"ಬರೀ ಹೆದರಿಸೋ ಆನೆ ಅದು. ಮೊಳೆ ಹೊಡೀರಿ!"

ಫೋನಿಟ್ಟ ಮೇಲೆ ನೋಡಿಕೊಂಡಳು. ಯಾವಾಗಲೋ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು, ಬಾಯಲ್ಲಿ ಪೆನ್ಸಿಲಿನ ಮರದ ರುಚಿ. ತಾನು ಖುಷಿಯಾಗಿದ್ದೇನೆ ಎಂದು ತಿಳಿದು ಅವಳಿಗೆ ಗಾಬರಿಯಾಯಿತು. ಆದರೆ ಗಾಬರಿಪಡಲು ಪುರುಸೊತ್ತಿರಲಿಲ್ಲ. ಪರದೆಯ ಮೇಲೆ ದ್ವೀಪದ ಬೆನ್ನಿನ ಉದ್ದಕ್ಕೂ ಚುಕ್ಕೆಗಳು ಮೂಡಿ ಒಂದಕ್ಕೊಂದು ಕೈ ಹಿಡಿಯತೊಡಗಿದ್ದವು.

ಮೂರು ಇಪ್ಪತ್ತಕ್ಕೆ ಅವಳೇ ಫೋನು ಮಾಡಿದಳು. "ಎಷ್ಟು ತಗಡು ಬಾಕಿ?"

"ಆರು!"

"ಈಗಿನದು ಚಿಂದಿ ಆನೆ ಅಲ್ಲ. ನಾಲ್ಕು ಮೂಲೆಗೆ ಮಾತ್ರ ಮೊಳೆ ಹೊಡೆದು ಮುಂದೆ ಹೋಗಿ. ಉಳಿದ ಮೊಳೆ ಆಮೇಲೆ. ಫೋನು ಇಡ್ಬೇಡಿ."

ಸುತ್ತಿಗೆ ಸದ್ದು. ಯಾರೋ ಯಾರನ್ನೋ ಕತ್ತೆ ಎಂದರು. ಐದು. ನಾಲ್ಕು. ಮುಖ್ಯಸ್ಥರೂ ಫೋನಿಗೆ ಕಿವಿ ಹಚ್ಚಿ ಬಗ್ಗಿದ್ದರು. ಎರಡು. ಒಂದು. ಸುತ್ತಿಗೆ ನಿಂತಿತು. ಮೂರು ಮೂವತ್ತೆಂಟಕ್ಕೆ ತಂತಿಯ ಆಚೆಯಿಂದ ಹಿಡಿ ಅಕ್ಕಿ ಎರಚಿದಂಥ ಸದ್ದು, ಆಮೇಲೆ ಮೂಟೆಯನ್ನೇ ಕವುಚಿದಂಥ ಸದ್ದು. ಅದರ ಕೆಳಗೆ, ತೆಳ್ಳಗೆ, ಕೂಸಿನ ಅಳು.

"ಕೇಳಿಸ್ತಾ ಅಮ್ಮಾ? ಒಳಗೆ ನಿಂತಿದೀವಿ. ಒಂದು ಹನಿ ಇಲ್ಲ! ತಗಡಿನ ಸದ್ದಿಗೆ ಅಳ್ತಿದೆ ಅಷ್ಟೇ."

ಅವಳು ಹೂಂ ಎಂದಳು. ಮುಖ ಒದ್ದೆಯಾಗಿತ್ತು. ಮುಖ್ಯಸ್ಥರು ಕಿಟಕಿಯ ಕಡೆ ತಿರುಗಿ, ಇಲ್ಲದ ಮೋಡವನ್ನು ಬಹಳ ಹೊತ್ತು ನೋಡಿದರು.

ಆಮೇಲೆ ಅವಳು ಮನೆಗೆ ಫೋನು ಮಾಡಿದಳು. "ಅತ್ತೆ, ಇಲ್ಲೂ ಇನ್ನೊಂದು ಗಂಟೇಲಿ ಮಳೆ. ಬಟ್ಟೆ ಎತ್ತಿ."

"ಒಗೆದಿದ್ರೆ ತಾನೇ ಎತ್ತೋದು? ನೀನು ಹೇಳದೆ ನಾನ್ಯಾಕೆ ಒಗೀಲಿ?"

"ನಾಳೆ ಒಗೀರಿ. ಮಧ್ಯಾಹ್ನದವರೆಗೆ ಬಿಸಿಲು."

"ಹಾಗೆ ಹೇಳು ಮತ್ತೆ," ಎಂದರು ಅತ್ತೆ.

ಮರುದಿನ ಬೆಳಗಿನ ದೋಣಿಗೆ ಅವಳು ಮೂರನೇ ದ್ವೀಪಕ್ಕೆ ಹೋದಳು. ಆಸ್ಪತ್ರೆಯ ಹೊಸ ತಗಡು ಕಣ್ಣು ಕುಕ್ಕುತ್ತಿತ್ತು. ದರ್ಜಿ ಅಕ್ಕ ಅಂಗಡಿಯಿಂದಿಳಿದು ಪೆಟ್ಟಿಗೆಯ ಹತ್ತಿರ ಕರೆದೊಯ್ದಳು.

"ನೋಡು ನನ್ನ ಕೆಲಸ. ನಗ್ಬೇಡ."

ಬಟ್ಟೆಯ ಅಂಚು ಹಲ್ಲಿನ ಗುರುತಿನೊಂದಿಗೆ ಸೊಟ್ಟಗೆ ಜೋತುಬಿದ್ದಿತ್ತು. ಅವಳು ಕೈಚೀಲದಿಂದ ನೀಲಿ ದಾರದ ಕತ್ತರಿ ತೆಗೆದಳು.

"ಓಹೋ, ಬಂತಪ್ಪಾ! ಸಂಜೆ ಕೊಡ್ತೀನಿ ಅಂದಿದ್ದ."

"ಸ್ವಲ್ಪ ತಡವಾಯ್ತು ಅಕ್ಕ. ಇನ್ನೊಂದು ನಿಮಿಷ ನನ್ನ ಹತ್ರ ಇರ್ಲಿ."

ಬಾಗಿ, ಹೆಚ್ಚಿನ ಬಟ್ಟೆಯನ್ನು ಕತ್ತರಿಸಿದಳು. ಅವನು ಕಟ್ಟುತ್ತಿದ್ದ ಹಾಗೆ ಎರಡು ಸುತ್ತು ದಾರ ಸುತ್ತಿ ಗಂಟು ಹಾಕಿ, ಉಳಿದ ತುದಿಯನ್ನೂ ಕತ್ತರಿಸಿದಳು. ಅಲೆಯ ಹನಿ ಬಿದ್ದ ಕತ್ತರಿಯನ್ನು ಸೆರಗಿನಲ್ಲಿ ಒರೆಸಿ, ಹಿಡಿಯನ್ನು ಮುಂದೆ ಮಾಡಿ ದರ್ಜಿ ಅಕ್ಕನ ಕೈಗೆ ಕೊಟ್ಟಳು.