ಕಂಬಳಿ ಹೊದ್ದ ತೊಟ್ಟಿ

ತೊಟ್ಟಿಯಿಂದ ಬಾಯ್ಲರಿಗೆ ನೀರು ತಳ್ಳುವ ಪಂಪಿನೊಳಗೆ ಯಾರೋ ಹಿಡಿ ಹಿಡಿ ಜಲ್ಲಿ ಸುರಿಯುತ್ತಿರುವ ಹಾಗೆ ಸದ್ದು. ಹಾಲಿನ ಡೇರಿಯ ಬಾಯ್ಲರ್ ನೋಡಿಕೊಳ್ಳುವವನು ಅದನ್ನು ಕೇಳುತ್ತಿರುವುದು ಇದು ಎರಡನೇ ದಿನ. ನಿನ್ನೆ ಬೆಂಕಿ ಆರಿಸಿದ ಮೇಲೆ ಪಂಪು ಬಿಚ್ಚಿ ತಡಕಿದ್ದ; ಒಂದು ಹರಳೂ ಸಿಕ್ಕಿರಲಿಲ್ಲ. ಈಗ ಬಾಯ್ಲರಿನ ಗಾಜಿನ ಕೊಳವೆಯಲ್ಲಿ ನೀರು ಇಳಿಯುತ್ತಲೇ ಇತ್ತು. ಕೆಂಪು ಗೆರೆ ದಾಟಿತೆಂದರೆ ಒಲೆಯಿಂದ ಬೆಂಕಿಯನ್ನು ಹೊರಗೆ ಎಳೆದುಹಾಕಲೇಬೇಕು, ಇಲ್ಲದಿದ್ದರೆ ಬಾಯ್ಲರೇ ಬಿರಿದೀತು. ಎಳೆದುಹಾಕಿದರೋ, ಅಂಗಳದಲ್ಲಿ ಸಾಲುಗಟ್ಟಿರುವ ಕ್ಯಾನುಗಳ ಹಾಲೆಲ್ಲ ಕಾಯದೆ ಒಡೆಯುತ್ತದೆ.

ಪಂಪು ಅತಿಯಾಗಿ ಎಳೆಯುತ್ತಿರಬೇಕೆಂದು ತೊಟ್ಟಿಯ ಕಡೆಯ ವಾಲ್ವನ್ನು ಅರ್ಧ ಮುಚ್ಚಿದ. ಸದ್ದು ಇನ್ನೂ ಜೋರಾಯಿತು.

ಅಷ್ಟರಲ್ಲಿ ಮಾವ ಊಟದ ಡಬ್ಬಿ ಹಿಡಿದು ಬಂದರು. ಮೂವತ್ತು ವರ್ಷ ಇದೇ ಬಾಯ್ಲರಿಗೆ ಸೌದೆ ಉಣಿಸಿದವರು.

"ಏನು ಅಳಿಯಂದ್ರೇ, ತೊಟ್ಟಿಗೆ ಬಾಣಂತನಾನಾ? ಕಂಬಳಿ ಬೇರೆ ಹೊದಿಸಿದ್ದೀರ!"

"ತಮಾಷೆ ಬೇಡಿ ಮಾವ. ಹಾಲು ಕಾಯಿಸಿದ ಆವಿ ನೀರಾಗಿ ತೊಟ್ಟಿಗೆ ತಿರುಗಿ ಬರತ್ತಲ್ಲ, ಆ ಬಿಸಿನೀರು ಆರದಿರಲಿ, ಸೌದೆ ಉಳೀಲಿ ಅಂತ ನಾನೇ ಹೊದಿಸಿದ್ದು. ಮ್ಯಾನೇಜರು ಬೆನ್ನು ತಟ್ಟಿದ್ರು."

"ಬೆಳಿಗ್ಗೆ ಈ ಸದ್ದಿತ್ತಾ?"

"ಇಲ್ಲ. ತೊಟ್ಟಿ ಚೆನ್ನಾಗಿ ಕಾದ ಮೇಲೆ ಶುರುವಾಗತ್ತೆ."

ಮಾವ ಊರುಗೋಲಿನ ತುದಿಯನ್ನು ಪಂಪಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಇಟ್ಟರು.

"ಜಲ್ಲಿ ಅಲ್ಲ ಮಾರಾಯ್ರೆ, ಗುಳ್ಳೆ! ತೊಟ್ಟಿ ನೀರು ಕುದಿಯೋದಕ್ಕೆ ಕೂದಲೆಳೆಯಷ್ಟು ಬಾಕಿ. ಪಂಪು ಎಳೆಯೋ ಬಾಯಲ್ಲಿ ಒತ್ತಡ ಕಮ್ಮಿ ಆಗತ್ತೆ, ಅಲ್ಲೇ ಕುದ್ದುಬಿಡತ್ತೆ. ಒಳಗೆ ಹೋಗಿ ಒತ್ತಡ ಸಿಕ್ಕಿದ್ದೇ ಗುಳ್ಳೆ ಪಟಪಟ ಒಡೀತವೆ. ನೀರು ನುಂಗಬೇಕಾದ ಪಂಪು ಆವಿ ನುಂಗ್ತಿದೆ. ನೀವು ವಾಲ್ವ್ ತಿರುಗಿಸಿ ಅದರ ಗಂಟಲು ಬೇರೆ ಹಿಸುಕಿದ್ದೀರ."

ಅವನು ಓಡಿದ. ವಾಲ್ವನ್ನು ಪೂರ್ತಿ ತೆರೆದ, ತಣ್ಣೀರಿನ ನಲ್ಲಿಯನ್ನು ತೊಟ್ಟಿಗೆ ತಿರುಗಿಸಿದ. ಕಂಬಳಿಗೆ ಬಿಗಿದ ಹಗ್ಗದ ಗಂಟು ಬಿಚ್ಚುತ್ತ ಕೂರಲು ಹೊತ್ತಿರಲಿಲ್ಲ. ಕಂಬಳಿಯನ್ನು ಕುಯ್ದೇ ಎಳೆದ. ಕೆಂಪು ಗೆರೆಗೆ ನೀರು ಇನ್ನು ಒಂದು ಬೆರಳು.

"ಬೆಂಕಿ ಎಳೀಲಾ ಮಾವ?"

"ಗೆರೆ ಮುಟ್ಟಿದರೆ ನನ್ನ ಕೇಳೋಕೂ ನಿಲ್ಲಬೇಡಿ, ಎಳೀರಿ."

ಸಲಿಕೆ ಹಿಡಿದು ಗಾಜಿನ ಮುಂದೆ ನಿಂತ. ನೀರು ಅರ್ಧ ಬೆರಳಿಗೆ ಬಂತು. ಜಲ್ಲಿಯಂಥ ಸದ್ದು ಮರಳಿನಷ್ಟಾಯಿತು. ಆಮೇಲೆ ಬರಿಯ ಗುಂಯ್‌ಗುಡುವಿಕೆ. ಗಾಜಿನಲ್ಲಿ ನೀರು ಇಳಿಯುವುದನ್ನು ನಿಲ್ಲಿಸಿ, ನಡುಗಿ, ಕೂದಲೆಳೆಯಷ್ಟು ಮೇಲೆದ್ದಿತು.

"ಬನ್ನಿ, ಊಟ ಆರತ್ತೆ," ಎಂದರು ಮಾವ.

"ಆರಲಿ ಬಿಡಿ ಮಾವ," ಎಂದ, ಗಾಜಿನಿಂದ ಕಣ್ಣು ಕೀಳದೆ.